ವಿಮಾನದಲ್ಲಿ ಸ್ನಾನ, ಹಡಗಿನಲ್ಲಿ ಸಾಮಾನು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, 1983ರ ಎಸ್ಸೆಸ್ಸೆಲ್ಸಿ ತಂಡದ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹೋದ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬಂದು, 'ಸಾರ್, ನೀವು ವಿಮಾನದಲ್ಲಿ ಸ್ನಾನ ಮಾಡ್ಕೊಂಡು ಬಂದ್ರಂತೆ, ಹೌದಾ?' ಅಂದ. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಹೌದು ಅಂದೆ. ಆ ಸುದ್ದಿ ಮೇಡಂ ಅವರ ಕಿವಿಗೂ ಬಿದ್ದಿದೆ. 'ಬೇರೆ ಏನೂ ಮಾತಾಡಬೇಡಿ, ಅದನ್ನೇ ಹೇಳಿ, ಮಕ್ಕಳು ಕೇಳ್ತಾರೆ' ಎಂದರು. ಹಾಗಾಗಿ ಅದನ್ನೇ ಹೇಳುತ್ತೇನೆ. ಆದರೆ ಸ್ನಾನದ ಕಥೆಯ ಜೊತೆಗೆ ಇನ್ನೊಂದೆರಡು ಕಥೆಗಳು ಅಂಟಿಕೊಂಡಿವೆ. ಅವನ್ನು ಬಿಟ್ಟು ಇದೊಂದನ್ನೇ ಹೇಳಿದರೆ ಜಂಬವಾಗುತ್ತದೆ.

ನಾನು 1998ರಲ್ಲಿ ಕೆಲಸಕ್ಕೆಂದು ಅಮೆರಿಕಾದ ಕ್ಯಾಲಿಫೋರ್ನಿಯಾಕ್ಕೆ ಹೋದವನು. ಮೂರು ವರ್ಷ ಇದ್ದು ಬರುತ್ತೇನೆ ಎಂದು ಅಪ್ಪನಿಗೆ ಹೇಳಿ ಹೋಗಿದ್ದೆ. ಬಂದದ್ದು 2023ರಲ್ಲಿ. ಈ ಇಪ್ಪತ್ತೈದು ವರ್ಷದ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ, ನಿಮ್ಮಲ್ಲಿ ಅನೇಕರ ಮನೆಯಲ್ಲೂ ಅದೇ ಲೆಕ್ಕ ಇದೆ. ವಾಪಸ್ ಬರುವುದು ಎಂದು ತೀರ್ಮಾನವಾದಾಗ ನಮ್ಮ ಮುಂದೆ ಎರಡು ಪ್ರಶ್ನೆ ಇದ್ದವು. ಸಾಮಾನು ಹೇಗೆ ಬರಬೇಕು, ನಾವು ಹೇಗೆ ಬರಬೇಕು.

ಸಾಮಾನಿನದು ಮೊದಲು. ಮನೆ ಸಾಮಾನು ಹಡಗಿನಲ್ಲಿ ಬರುತ್ತದೆ, ಕಂಟೇನರ್ ಎಂಬ ಕಬ್ಬಿಣದ ಪೆಟ್ಟಿಗೆಯೊಳಗೆ. ಹೈವೇಯಲ್ಲಿ ಉದ್ದ ಲಾರಿಗಳ ಮೇಲೆ ನೀವು ನೋಡಿದ್ದೀರಿ. ಅದು ಬಹಳ ಹಳೆಯದೇನಲ್ಲ. ಮಾಲ್ಕಂ ಮೆಕ್‌ಲೀನ್ ಎಂಬ ಅಮೆರಿಕಾದ ಲಾರಿ ಮಾಲೀಕರು 1956ರ ಏಪ್ರಿಲ್‌ನಲ್ಲಿ ಒಂದು ಹಳೆಯ ಹಡಗಿನ ಮೇಲೆ 58 ಪೆಟ್ಟಿಗೆ ಇಟ್ಟು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದರು. ಅಲ್ಲಿಯವರೆಗೆ ಒಂದೊಂದು ಮೂಟೆಯನ್ನೂ ಹಮಾಲರು ಹೊತ್ತು ಹಡಗಿಗೆ ಏರಿಸಬೇಕಿತ್ತು. ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿಗೆ ಇಟ್ಟರೆ ಮುಗಿಯಿತಲ್ಲ ಎಂದು ಹೊಳೆದದ್ದು ಒಬ್ಬ ಲಾರಿಯವರಿಗೆ, ಹಡಗಿನವರಿಗಲ್ಲ.

ನಾವು ತೆಗೆದುಕೊಂಡದ್ದು ಇಪ್ಪತ್ತು ಅಡಿಯದು. ಒಳಗಿನ ಜಾಗ ಸುಮಾರು 33 ಘನ ಮೀಟರ್. ನಮ್ಮ ಶಾಲೆಯ ಹಳೆಯ ಸ್ಟಾಫ್ ರೂಮಿಗಿಂತ ಸ್ವಲ್ಪ ಸಣ್ಣದು. ಇಪ್ಪತ್ತೈದು ವರ್ಷದ ಸಂಸಾರ ಅದರೊಳಗೆ ಹಿಡಿಸಬೇಕು. ಯಾವುದು ಬರಬೇಕು, ಯಾವುದು ಬೇಡ ಎಂದು ಎರಡು ತಿಂಗಳು ಗಂಡ ಹೆಂಡತಿ ಜಗಳ ಆಡಿದೆವು. ಕೆಲವನ್ನು ಕರೆಂಟೇ ತೀರ್ಮಾನ ಮಾಡಿತು. ಅಲ್ಲಿ 120 ವೋಲ್ಟ್, ಇಲ್ಲಿ 230. ಅಲ್ಲಿನ ಮಿಕ್ಸಿ, ವಾಷಿಂಗ್ ಮೆಷಿನ್ ಇಲ್ಲಿ ಹಾಕಿದರೆ ಸುಟ್ಟುಹೋಗುತ್ತವೆ. ನಮ್ಮ ದೋಸೆ ಹಿಟ್ಟಿನ ಗ್ರೈಂಡರ್ ಕೊಯಮತ್ತೂರಿನಲ್ಲಿ ಮಾಡಿದ್ದು, ಅಮೆರಿಕಾದ ಕರೆಂಟಿಗೆಂದೇ ಮಾಡಿದ್ದು. ಅದು ಇಲ್ಲಿಂದ ಅಲ್ಲಿಗೆ ಹೋಗಬಹುದು, ಅಲ್ಲಿಂದ ಇಲ್ಲಿಗೆ ಬರುವ ಹಾಗಿಲ್ಲ. ಅದನ್ನು ಬಿಟ್ಟು ಬರುವಾಗ ನಮ್ಮ ಮನೆಯವರಿಗೆ ಆದಷ್ಟು ಸಂಕಟ ಮನೆ ಮಾರುವಾಗಲೂ ಆಗಲಿಲ್ಲ.

ಸರ್ಕಾರದ ನಿಯಮಗಳೂ ಇದ್ದವು. ಎರಡು ವರ್ಷ ಅಥವಾ ಹೆಚ್ಚು ಹೊರಗಿದ್ದು ಊರಿಗೆ ಮರಳುವವರಿಗೆ, 2016ರ ಬ್ಯಾಗೇಜ್ ನಿಯಮದ ಪ್ರಕಾರ, ಬಳಸಿದ ಮನೆ ಸಾಮಾನು ಐದು ಲಕ್ಷ ರೂಪಾಯಿವರೆಗೆ ಸುಂಕವಿಲ್ಲದೆ ತರಲು ಆಗ ಅವಕಾಶವಿತ್ತು. ಆ ಎರಡು ವರ್ಷದಲ್ಲಿ ರಜೆಗೆಂದು ಊರಿಗೆ ಬಂದ ದಿನಗಳೆಲ್ಲ ಸೇರಿ ಆರು ತಿಂಗಳು ದಾಟಿರಬಾರದಿತ್ತು. ಟಿವಿ, ದೊಡ್ಡ ಫ್ರಿಜ್ ಇವಕ್ಕೆ ಬೇರೆ ಲೆಕ್ಕವಿತ್ತು. ಮರದ ಚೌಕಟ್ಟಿನಲ್ಲಿ ಪ್ಯಾಕ್ ಮಾಡಿದರೆ ಆ ಮರವನ್ನು ಒಳಗಿನ ತನಕ 56 ಡಿಗ್ರಿಗೆ ಬಿಸಿಮಾಡಿ ಅರ್ಧ ಗಂಟೆ ಇಟ್ಟಿರಬೇಕು, ಅದಕ್ಕೊಂದು ಮುದ್ರೆ ಇರಬೇಕು. ಒಂದು ದೇಶದ ಹುಳು ಇನ್ನೊಂದು ದೇಶದ ಕಾಡಿಗೆ ಹೋಗಬಾರದು ಅಂತ. ಮನುಷ್ಯರಿಗೆ ಪಾಸ್‌ಪೋರ್ಟ್ ಇದ್ದ ಹಾಗೆ ಮರಕ್ಕೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಪ್ಯಾಕಿಂಗ್‌ಗೆ ನಾಲ್ಕು ಜನ ಬಂದರು. ಒಟ್ಟು 86 ಡಬ್ಬ. ಪ್ರತಿಯೊಂದಕ್ಕೂ ನಂಬರ್, ಒಳಗೇನಿದೆ ಎಂಬ ಪಟ್ಟಿ, ಬೆಲೆ. 41ನೇ ಡಬ್ಬದ ಮುಂದೆ ನಾನೇ ನನ್ನ ಕೈಯಿಂದ 'ಹಳೆ ಕಾಗದ ಪತ್ರ' ಎಂದು ಬರೆದೆ. ಬೆಲೆಯ ಜಾಗದಲ್ಲಿ ಸೊನ್ನೆ. ಪ್ಯಾಕಿಂಗ್ ಮೇಸ್ತ್ರಿ, 'ತೇವ ಹೀರುವ ಚೀಲ ನೇತು ಹಾಕಬೇಕಾ? ಅದಕ್ಕೆ ಬೇರೆ ದುಡ್ಡು' ಎಂದು ಕೇಳಿದ. ಬೇಡ ಅಂದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಇನ್ನು ನಾವು ಬಂದ ಬಗೆ. 2022ರಲ್ಲಿ ನಮ್ಮ ಮನೆಯವರಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಹದಿನೈದು ಹದಿನಾರು ಗಂಟೆ ಕೂತು ಬರುವುದು ಬೇಡ, ಮಲಗಿ ಬರುವ ವ್ಯವಸ್ಥೆ ಆದರೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಫಸ್ಟ್ ಕ್ಲಾಸ್ ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಇಲ್ಲಿ ನನ್ನ ಮೇಷ್ಟ್ರು ಕೂತಿದ್ದಾರೆ, ಪೂರ್ತಿ ನಿಜ ಹೇಳಬೇಕು. ಮಲಗುವುದಕ್ಕೆ ಬಿಸಿನೆಸ್ ಕ್ಲಾಸ್ ಸಾಕು, ಅಲ್ಲೂ ಸೀಟು ಹಾಸಿಗೆಯಾಗುತ್ತದೆ. ಫಸ್ಟ್ ಕ್ಲಾಸ್ ನನ್ನ ಆಸೆ.

ದುಡ್ಡು ಕೊಟ್ಟು ಕೊಂಡದ್ದಲ್ಲ. ವಿಮಾನ ಕಂಪನಿಗಳಲ್ಲಿ ಮೈಲು ಎಂಬ ಒಂದು ಲೆಕ್ಕವಿದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅದನ್ನು ದೊಡ್ಡದಾಗಿ ಶುರು ಮಾಡಿತು, ಬೇರೆಯವರೂ ಹಿಂಬಾಲಿಸಿದರು. ನೀವು ಹಾರಿದಷ್ಟೂ ನಿಮ್ಮ ಖಾತೆಗೆ ಮೈಲು ಸೇರುತ್ತವೆ. ಸೊಸೈಟಿ ಡೇರಿಗೆ ಹಾಲು ಹಾಕಿದಂತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋಗುತ್ತಾರೆ, ಆಮೇಲೆ ಒಂದು ದಿನ ಟಿಕೆಟ್ ಕೊಡುತ್ತಾರೆ. ಕಂಪನಿ ಕೆಲಸದ ಮೇಲೆ ಓಡಾಡಿ ಓಡಾಡಿ ನನ್ನ ಹತ್ತಿರ ಬಹಳ ಸೇರಿತ್ತು. ಅಷ್ಟನ್ನೂ ಒಂದೇ ಸಲ ಖರ್ಚು ಮಾಡಿ, ತೆರಿಗೆಯನ್ನಷ್ಟೇ ಕೈಯಿಂದ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ದುಬೈಗೆ, ಅಲ್ಲಿಂದ ಬೆಂಗಳೂರಿಗೆ ಎರಡು ಟಿಕೆಟ್ ತೆಗೆದೆ.

ವಿಮಾನ ಎ380. ಎರಡು ಅಂತಸ್ತಿನದು, ಮೂಗಿನಿಂದ ಬಾಲದವರೆಗೂ ಮೇಲೊಂದು ಕೆಳಗೊಂದು. ಎಮಿರೇಟ್ಸ್‌ನವರು ಮೇಲಿನ ಅಂತಸ್ತಿನ ಮುಂಭಾಗದಲ್ಲಿ ಫಸ್ಟ್ ಕ್ಲಾಸ್ ಇಟ್ಟಿದ್ದಾರೆ. ಹದಿನಾಲ್ಕೇ ಸೀಟು. ಸೀಟು ಅಂದರೆ ಒಂದು ಸಣ್ಣ ಕೋಣೆ, ಬಾಗಿಲು ಎಳೆದುಕೊಳ್ಳಬಹುದು. ಹತ್ತಿದ ಕೂಡಲೇ ಖರ್ಜೂರ, ಏಲಕ್ಕಿ ವಾಸನೆಯ ಅರಬ್ಬಿ ಕಾಫಿ. ಊಟಕ್ಕೆ ಹೊತ್ತಿಲ್ಲ, ಹಸಿವಾದಾಗ ಕೇಳಬಹುದು. ಮಲಗುತ್ತೇನೆ ಅಂದರೆ ಹಾಸಿಗೆ ಹಾಸಿಕೊಡುತ್ತಾರೆ. ನಮ್ಮ ಮನೆಯವರು, 'ರೀ, ಇವರ ಕೈಲಿ ಹಾಸಿಸಿಕೊಳ್ಳೋದು ನನಗೆ ಆಗಲ್ಲ' ಎಂದು ತಾವೇ ಎದ್ದು ಒಂದು ತುದಿ ಹಿಡಿದರು. ಆ ಹುಡುಗಿಯೂ ನಕ್ಕಳು.

ಸ್ನಾನದ ಕೋಣೆ ಎರಡು. ಹೆಸರು ಬರೆಸಿ ಸಮಯ ತೆಗೆದುಕೊಳ್ಳಬೇಕು. ಕೋಣೆ ಅರ್ಧ ಗಂಟೆ ನಿಮ್ಮದು, ನೀರು ಮಾತ್ರ ಐದು ನಿಮಿಷ. ಎಷ್ಟು ನೀರು ಉಳಿದಿದೆ ಎಂದು ತೋರಿಸುವ ದೀಪ ಗೋಡೆಯಲ್ಲಿದೆ. ಮೈಗೆ ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ, ಆಮೇಲೆ ಬಿಡಬೇಕು. ಬೇಸಿಗೆಯಲ್ಲಿ ಎರಡು ಕೊಡ ನೀರಿನಲ್ಲಿ ಸ್ನಾನ ಮುಗಿಸಿ ಬೆಳೆದವರಿಗೆ ಇದು ಹೊಸದಲ್ಲ. ನನಗೆ ಒಂದೂವರೆ ನಿಮಿಷದ ನೀರು ಉಳಿಯಿತು. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ, ಒಳಗೆ ನಾನು ತಲೆಗೆ ಬಿಸಿನೀರು ಹುಯ್ದುಕೊಳ್ಳುತ್ತಿದ್ದೆ. ಇಷ್ಟೇ ಮಕ್ಕಳೇ, ನೀವು ಕೇಳಿದ ಸ್ನಾನ.

ಆದರೆ ಒಂದು ಮಾತು. ಗಾಳಿ ಎಲ್ಲರಿಗೂ ಒಂದೇ. ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಟ್ಟಿರುತ್ತಾರೆ, ಎಂದರೆ ಮುಳ್ಳಯ್ಯನಗಿರಿ ತುದಿಯಲ್ಲಿ ಇರುವಷ್ಟು. ತೇವ ಬಹಳ ಕಡಿಮೆ, ಒಣಗಾಳಿ. ಫಸ್ಟ್ ಕ್ಲಾಸಿನಲ್ಲೂ ತುಟಿ ಒಡೆಯುತ್ತದೆ, ಕೆಳಗಿನ ಅಂತಸ್ತಿನಲ್ಲೂ ಒಡೆಯುತ್ತದೆ.

ಸೀಟಿನ ಮುಂದಿನ ಪರದೆಯಲ್ಲಿ ದಾರಿಯ ನಕ್ಷೆ ಬರುತ್ತಿತ್ತು. ವಿಮಾನ ನೇರ ಉತ್ತರಕ್ಕೆ ಹೊರಟಿತ್ತು. ನಮ್ಮ ಮನೆಯವರು, 'ಇಂಡಿಯಾ ಕಡೆ ಹೋಗೋಕೆ ಉತ್ತರಕ್ಕೆ ಯಾಕೆ ಹೋಗ್ತಿದೆ?' ಎಂದರು. ನನಗೆ ತಕ್ಷಣ ನೆನಪಾದದ್ದು ಇದೇ ಶಾಲೆಯ ಒಂಬತ್ತನೇ ಕ್ಲಾಸು. ನಮ್ಮ ಸಮಾಜ ಮೇಷ್ಟ್ರು ಗ್ಲೋಬಿನ ಮೇಲೆ ಹೂ ಕಟ್ಟುವ ದಾರ ಎಳೆದು ಹಿಡಿದು, 'ಗೋಡೆ ನಕ್ಷೆ ಸುಳ್ಳು ಹೇಳುತ್ತೆ ಕಣ್ರೋ, ದಾರ ಸುಳ್ಳು ಹೇಳಲ್ಲ' ಅನ್ನುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ದುಬೈ ಭೂಮಿಯ ಆಚೆ ಈಚೆ ಬದಿಯಲ್ಲಿವೆ, ರೇಖಾಂಶದಲ್ಲಿ ಹತ್ತಿರ ಹತ್ತಿರ 180 ಡಿಗ್ರಿ ಅಂತರ. ದಾರ ಎಳೆದರೆ ಉತ್ತರ ಧ್ರುವದ ಹತ್ತಿರವೇ ಹಾದುಹೋಗುತ್ತದೆ. ಸುಮಾರು 13,000 ಕಿಲೋಮೀಟರ್. ಮಕ್ಕಳೇ, ಇವತ್ತು ಮನೆಗೆ ಹೋಗುವ ಮೊದಲು ಗ್ಲೋಬ್ ಕೇಳಿ ತೆಗೆದುಕೊಂಡು ದಾರ ಹಿಡಿದು ನೋಡಿ.

ಆ ಧ್ರುವದ ಕಡೆಯಲ್ಲೇ ನನಗೆ ನಿದ್ದೆ ಹೋಯಿತು. ಹಾಸಿಗೆ ಮೆತ್ತಗಿತ್ತು, ಬಾಗಿಲು ಹಾಕಿತ್ತು, ಯಾರೂ ತೊಂದರೆ ಕೊಡುವವರಿರಲಿಲ್ಲ. ನಿದ್ದೆ ಮಾತ್ರ ಬರಲಿಲ್ಲ.

ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿವರೆಗೂ ಯೋಚಿಸಿದೆ. ಅಣ್ಣ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಅವನಿಗೆ ಇವತ್ತೇ ಮೊದಲ ಸಲ ಗೊತ್ತಾಗುವುದು.

2004ರಲ್ಲಿ ಅಪ್ಪ ತೀರಿಕೊಂಡರು. ಅಣ್ಣ ಫೋನ್ ಮಾಡಿ, 'ಅಪ್ಪ ಹೋಗ್ಬಿಟ್ರು ಕಣೋ. ನೀನು ಹೊರಟಿದೀನಿ ಅಂದ್ರೆ ಎಷ್ಟೊತ್ತಾದ್ರೂ ಕಾಯ್ತೀವಿ' ಅಂದ. ಅಲ್ಲಿ ಆಗ ರಾತ್ರಿ. ಕಂಪ್ಯೂಟರ್ ಮುಂದೆ ಕೂತು ಟಿಕೆಟ್ ಹುಡುಕಿದೆ. ಕೂಡಲೇ ಹೊರಡುವ ವಿಮಾನಕ್ಕೆ ಬೆಲೆ ಬಹಳ ಇತ್ತು. ಮಾರನೆಯ ದಿನದ್ದು, ಎರಡು ಕಡೆ ಇಳಿದು ಹತ್ತುವುದು, ಅರ್ಧ ಬೆಲೆಗೆ ಸಿಕ್ಕಿತು. ಅದನ್ನೇ ತೆಗೆದೆ. ಅಣ್ಣನಿಗೆ ಫೋನ್ ಮಾಡಿ, 'ಬೇರೆ ಟಿಕೆಟ್ ಇಲ್ಲ, ಕಾಯಬೇಡಿ' ಎಂದೆ. ನಾನು ಅರಸೀಕೆರೆಯಲ್ಲಿ ರೈಲು ಇಳಿದು ಮನೆ ಮುಟ್ಟಿದಾಗ ಮೂರನೆಯ ದಿನ. ಅಣ್ಣನೇ ಎಲ್ಲ ಮುಗಿಸಿದ್ದ. ತೋಟದ ಮೂಲೆಯಲ್ಲಿ ಬೂದಿ ಇತ್ತು.

ಆ ರಾತ್ರಿ ನನ್ನ ಖಾತೆಯಲ್ಲಿ ಮೈಲುಗಳಿದ್ದವು. ಕೂಡಲೇ ಹೊರಡುವ ವಿಮಾನಕ್ಕೆ ಸಾಕಾಗುವಷ್ಟು ಇದ್ದವು. ಗಾಬರಿಯಲ್ಲಿ ನೆನಪೇ ಆಗಲಿಲ್ಲ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೆ. ನೆನಪಾಗಿತ್ತು. ಪರದೆಯ ಮೇಲೆ ಆ ಸಂಖ್ಯೆಯನ್ನು ನೋಡಿದ್ದೆ. ಬೇಸಿಗೆ ರಜೆಯಲ್ಲಿ ಮಗನನ್ನು ಕರೆದುಕೊಂಡು ಎಲ್ಲರೂ ಬರಲು ಬೇಕಾಗುತ್ತದೆ, ಈಗ ಮುಟ್ಟಬಾರದು ಅಂದುಕೊಂಡೆ. ಆ ಬೇಸಿಗೆಯಲ್ಲಿ ನಾವು ಬರಲಿಲ್ಲ. ಆ ಮೈಲುಗಳು ಹಾಗೇ ಉಳಿದು, ಮೇಲೆ ಮೇಲೆ ಸೇರಿಕೊಂಡು, ಹತ್ತೊಂಬತ್ತು ವರ್ಷದ ನಂತರ ಸ್ನಾನದ ಕೋಣೆ ಇರುವ ವಿಮಾನವಾದವು.

ಅಣ್ಣ, ಟಿಕೆಟ್ ಇತ್ತು.

(ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದೆ. ಅಣ್ಣ ಕೂತಲ್ಲಿಂದಲೇ 'ಇರಲಿ, ಮುಂದಕ್ಕೆ ಹೇಳು' ಎಂದ. ಅದನ್ನೂ ಬರೆಯಿರಿ ಎಂದು ಸಂಪಾದಕರಿಗೆ ಹೇಳಿದ್ದೇನೆ.)

ಬೆಂಗಳೂರಿಗೆ ಬೆಳಗಿನ ಜಾವ ಇಳಿದೆವು. ಆ ಟಿಕೆಟ್ಟಿಗೆ ತಲಾ ಎರಡು ಸೂಟ್‌ಕೇಸು, ಒಂದೊಂದು 32 ಕಿಲೋ. ನಾಲ್ಕೂ ನಮಗಿಂತ ಮೊದಲೇ ಬಂದು ನಿಂತಿದ್ದವು. ಅವುಗಳಲ್ಲಿ ಏನಿತ್ತು ಅಂದರೆ, ನಾಚಿಕೆಯಾಗುತ್ತದೆ, ಬೆಳ್ಳಿ ಸಾಮಾನು, ಲ್ಯಾಪ್‌ಟಾಪು, ಸೀರೆಗಳು, ನೆಂಟರಿಗೆ ಹಂಚುವ ಚಾಕೊಲೇಟು. ಬೆಲೆ ಇರುವುದನ್ನು ನಮ್ಮ ಜೊತೆ ಇಟ್ಟುಕೊಂಡು, ಬೆಲೆ ಇಲ್ಲದ್ದನ್ನು ಹಡಗಿಗೆ ಹಾಕಿದ್ದೆವು.

ಹಡಗು ನಮಗಿಂತ ಮೂರು ವಾರ ಮೊದಲೇ ಓಕ್‌ಲ್ಯಾಂಡ್ ಬಂದರಿನಿಂದ ಹೊರಟಿತ್ತು. ಶಾಂತ ಸಾಗರ ದಾಟಿ, ದಾರಿಯಲ್ಲಿ ಇನ್ನೊಂದು ಹಡಗಿಗೆ ಬದಲಾಗಿ, ಚೆನ್ನೈಗೆ ಬಂದು, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋಗೆ ಬಂದಾಗ ನಾವು ಬಂದು ಎರಡು ತಿಂಗಳಾಗಿತ್ತು. ಕಸ್ಟಮ್ಸ್‌ಗೆ ಪಾಸ್‌ಪೋರ್ಟ್ ಹಿಡಿದು ನಾನೇ ಹೋಗಬೇಕು. ಹೋದೆ. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತು. ಮಳೆಗಾಲದಲ್ಲಿ ಕೊಬ್ಬರಿ ಅಟ್ಟದ ಮೇಲೆ ಬರುತ್ತದಲ್ಲ, ಆ ವಾಸನೆ.

ಮೇಲಿನ ಸಾಲಿನ ಹನ್ನೊಂದು ಡಬ್ಬ ಒದ್ದೆಯಾಗಿದ್ದವು. ಅದರಲ್ಲಿ 41 ಒಂದು.

ವಿಮೆಯವರ ಕಡೆಯಿಂದ ಒಬ್ಬ ಸರ್ವೇಯರ್ ಬಂದರು. ಚಿಕ್ಕ ವಯಸ್ಸಿನವರು. ಜೇಬಿನಿಂದ ಒಂದು ಕಂದು ಬಣ್ಣದ ಸಣ್ಣ ಬಾಟಲಿ ತೆಗೆದು ಒದ್ದೆ ರಟ್ಟಿನ ಮೇಲೆ ಎರಡು ಹನಿ ಬಿಟ್ಟರು. ಬಗ್ಗಿ ನೋಡಿದರು. ನಾನೂ ಬಗ್ಗಿದೆ. 'ಸಿಲ್ವರ್ ನೈಟ್ರೇಟಾ?' ಅಂದೆ. ಅವರಿಗೆ ಆಶ್ಚರ್ಯ. 'ನಿಮಗೆ ಹೇಗೆ ಗೊತ್ತು ಸಾರ್?' ಅಂದರು.

ನನಗೆ ಹೇಗೆ ಗೊತ್ತು ಎಂದು ಇಲ್ಲಿರುವ 83ನೇ ಬ್ಯಾಚಿನವರೆಲ್ಲ ಹೇಳುತ್ತೀರಿ. ನಮ್ಮ ಲ್ಯಾಬು ಎಂದರೆ ಒಂದು ಬೀರು, ಒಂದು ಮೇಜು. ವಿಜ್ಞಾನದ ಮೇಷ್ಟ್ರು ಪ್ರನಾಳದಲ್ಲಿ ಉಪ್ಪು ನೀರು ಹಾಕಿ, ಮೇಲಿಂದ ಸಿಲ್ವರ್ ನೈಟ್ರೇಟ್ ಎರಡು ತೊಟ್ಟು ಬಿಡುತ್ತಿದ್ದರು. ಮಜ್ಜಿಗೆ ಒಡೆದಂತೆ ಬಿಳಿ ಪ್ರಕ್ಷೇಪ. ಕ್ಲೋರೈಡ್ ಇದ್ದರೆ ಬಿಳಿ, ಇಲ್ಲದಿದ್ದರೆ ಏನೂ ಇಲ್ಲ. ಮುಟ್ಟಬೇಡಿ ಎಂದರೂ ನಾವು ಮೂವರು ಬೆರಳು ಅದ್ದಿ, ವಾರವಿಡೀ ಕಪ್ಪು ಬೆರಳು ಹೊತ್ತುಕೊಂಡು ತಿರುಗಿ, ಬೆತ್ತದ ಏಟು ತಿಂದಿದ್ದೆವು.

ಸಮುದ್ರದ ನೀರು ನುಗ್ಗಿದ್ದರೆ ಉಪ್ಪು ಇರುತ್ತದೆ, ಬೆಳ್ಳಗಾಗುತ್ತದೆ. ರಟ್ಟು ಬೆಳ್ಳಗಾಗಲಿಲ್ಲ. ತೂತು ಇದೆಯೇ ಎಂದು ಒಳಗೆ ನಿಂತು ಬಾಗಿಲು ಹಾಕಿಸಿ ನೋಡಿದರು, ಎಲ್ಲೂ ಬೆಳಕು ಬರಲಿಲ್ಲ. ಹಾಗಾದರೆ ಒಳಗಿನದೇ ನೀರು. ರಟ್ಟು, ಮರ, ಹಾಸಿಗೆ ಇವುಗಳಲ್ಲಿರುವ ತೇವ ಬಿಸಿಲಿಗೆ ಆವಿಯಾಗುತ್ತದೆ, ರಾತ್ರಿ ಕಬ್ಬಿಣದ ತಗಡು ತಣ್ಣಗಾದಾಗ ಚಾವಣಿಗೆ ಹನಿಗಟ್ಟಿ ಕೆಳಗೆ ಬೀಳುತ್ತದೆ. ಅಕ್ಕಿ ಬೇಯುವ ಪಾತ್ರೆಯ ಮುಚ್ಚಳದ ಹಾಗೆ. ಕಂಟೇನರ್ ಬೆವರುವುದು ಎನ್ನುತ್ತಾರೆ. ಅದಕ್ಕೇ ಆ ತೇವ ಹೀರುವ ಚೀಲ. ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ. ಬೆವರಿನ ನೀರಿಗೆ ನಮ್ಮ ಪಾಲಿಸಿಯಲ್ಲಿ ಪರಿಹಾರ ಇರಲಿಲ್ಲ. ಇದ್ದಿದ್ದರೂ 41ನೇ ಡಬ್ಬಕ್ಕೆ ನಾನೇ ಸೊನ್ನೆ ಬರೆದಿದ್ದೆ.

ಆ ಡಬ್ಬದಲ್ಲಿ ಇದ್ದದ್ದು ಅಪ್ಪನ ಕಾಗದಗಳು.

ನಾಲ್ಕನೇ ಕ್ಲಾಸು ಓದಿದ್ದ ಅಪ್ಪ ನನಗೆ ಎರಡು ಸಲ ಕಾಗದ ಬರೆದ ಕಾಲವಿತ್ತು. ಒಂದು, ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದ 1985ರಿಂದ 89. ಅವೆಲ್ಲ ಇನ್‌ಲ್ಯಾಂಡ್ ಲೆಟರು. ಇನ್ನೊಂದು, 1998ರಿಂದ ಅಪ್ಪ ಹೋಗುವವರೆಗೆ. ಅವು ಏರೋಗ್ರಾಮು, ಇನ್‌ಲ್ಯಾಂಡ್ ಲೆಟರ್ ಪರದೇಶಕ್ಕೆ ನಡೆಯುವುದಿಲ್ಲ. ಹಾಸ್ಟೆಲಿನ ಕಾಲದ ಕಾಗದಗಳನ್ನು ಅಪ್ಪ ನನ್ನದೇ ಹಳೇ ಪೆನ್ನಿನಲ್ಲಿ, ಬ್ರಿಲ್ ಇಂಕು ತುಂಬಿ ಬರೆದಿದ್ದರು. ಅಮೆರಿಕಾಕ್ಕೆ ಬರೆದವು ಬಾಲ್ ಪೆನ್ನಿನವು. ಬಾಲ್ ಪೆನ್ನಿನ ಶಾಯಿ ಎಣ್ಣೆ ಥರದ್ದು, ನೀರಿಗೆ ಜಗ್ಗುವುದಿಲ್ಲ. ಇಂಕು ನೀರಿನದೇ, ನೀರು ಬಿದ್ದರೆ ಹೋಯಿತು.

ಆ ಹಾಸ್ಟೆಲಿನ ಕಾಗದಗಳು ಈಗ ನೀಲಿ ಹಾಳೆಗಳು. ಅಕ್ಷರ ಎಲ್ಲಿತ್ತೋ ಅಲ್ಲಿ ಮೋಡ ಇದೆ. ಕೆಲವದರಲ್ಲಿ ಒಂದೊಂದು ಮಾತು ಉಳಿದಿದೆ. 'ಕಾಯಿ ರೇಟು', 'ನಿಮ್ಮವ್ವ', 'ಕೂಡಲೇ ಬರೆ'. ಏರೋಗ್ರಾಮುಗಳನ್ನು ಒಂದೊಂದಾಗಿ ಬಿಡಿಸಿ, ಜಗುಲಿಯ ನೆರಳಿನಲ್ಲಿ, ಬಿಳಿ ಪಂಚೆಯ ಮೇಲೆ ಹರಡಿ ನಾಲ್ಕು ದಿನ ಒಣಗಿಸಿದೆವು. ಬಿಸಿಲಿಗೆ ಹಾಕಬಾರದು, ಕಾಗದ ಸುರುಟಿಕೊಳ್ಳುತ್ತದೆ. ಅಣ್ಣ ತೋಟದಿಂದ ಬಂದವನು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದ. ಅಪ್ಪ ನನಗೆ ಏನೇನು ಬರೆಯುತ್ತಿದ್ದರು ಎಂದು ಅವನಿಗೂ ಗೊತ್ತಿರಲಿಲ್ಲ. ಪ್ರತಿಯೊಂದರ ಕೊನೆಗೂ ಅಪ್ಪ 'ಬರುವ ವಿಚಾರ ತಿಳಿಸು' ಎಂದೇ ಬರೆದಿದ್ದರು. ಅಣ್ಣ ಏನೂ ಅನ್ನಲಿಲ್ಲ. ಓದಿದ್ದನ್ನು ತಾರೀಕಿನ ಪ್ರಕಾರ ಜೋಡಿಸಿಟ್ಟ.

ಅದರಲ್ಲೊಂದು 1999ರ ಕಾಗದದಲ್ಲಿ ನಮ್ಮ ಶಾಲೆಯ ಸುದ್ದಿ ಇದೆ. ಹೊಸ ಕೊಠಡಿಗೆ ಊರವರೆಲ್ಲ ಕಲ್ಲು ಹೊಡೆಸಿಕೊಟ್ಟದ್ದು, ನಮ್ಮ ಗಾಡಿಯೂ ಆರು ಸಲ ಹೋಗಿ ಬಂದದ್ದು, ಬಲಗಡೆಯ ಎತ್ತಿಗೆ ಕಾಲು ಉಳುಕಿದ್ದು. ಅಪ್ಪ ಕೊಠಡಿಗಿಂತ ಎತ್ತಿನ ವಿಷಯವನ್ನೇ ಹೆಚ್ಚು ಬರೆದಿದ್ದಾರೆ. ಅದರ ಒಂದು ನೆರಳಚ್ಚು ಪ್ರತಿಯನ್ನು ಮೇಡಂ ಅವರಿಗೆ ಕೊಟ್ಟಿದ್ದೇನೆ. ಮೂಲ ಅಣ್ಣನ ಹತ್ತಿರ ಇರುತ್ತದೆ.

ಭಾಷಣ ಉದ್ದವಾಯಿತು, ಊಟಕ್ಕೆ ಹೊತ್ತಾಗಿದೆ. ನಿನ್ನೆ ಸಂಜೆ ಲ್ಯಾಬು ನೋಡಲು ಹೋಗಿದ್ದೆ. ಈಗ ಬೀರು ಮೂರಾಗಿವೆ, ಸಂತೋಷವಾಯಿತು. ಸಿಲ್ವರ್ ನೈಟ್ರೇಟ್ ಇದೆಯಾ ಎಂದು ವಿಜ್ಞಾನದ ಮೇಡಂ ಅವರನ್ನು ಕೇಳಿದೆ. ದುಬಾರಿ ಸಾರ್, ತರಿಸಿ ಎರಡು ವರ್ಷವಾಯಿತು, ಬಾಟಲಿ ಖಾಲಿ ಎಂದರು. ಹಾಸನದಿಂದ 25 ಗ್ರಾಂ ತರಿಸಿದ್ದೇನೆ, ಕಾರಿನಲ್ಲಿದೆ, ಇವತ್ತೇ ಕೊಡುತ್ತೇನೆ. ಬೆಳಕು ಬೀಳದ ಹಾಗೆ ಕಂದು ಬಾಟಲಿಯಲ್ಲೇ ಇಡಿ. ಟೀ ಅಂಗಡಿಯಲ್ಲಿ ಪ್ರಶ್ನೆ ಕೇಳಿದ ಹುಡುಗ ಎಲ್ಲಿದ್ದಾನೋ ಕಾಣಿಸುತ್ತಿಲ್ಲ. ಅವನಿಗೆ ಹೇಳಿ, ಬೆರಳು ಅದ್ದಬೇಡ ಅಂತ.